ಕಾರಣ ಸ್ಪಷ್ಟವಿಲ್ಲ

ನಜ್ಮಾ, ದೋಹಾ
14 ಮಾರ್ಚ್ 2025

ಪ್ರೀತಿಯ ಅಕ್ಕೋರಿಗೆ ನಿಮ್ಮ ಅಪೊಲಿನ್ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಸಿಕ್ಕಿ ವಾರವಾಯಿತು. ಇಲ್ಲಿ ಮನೆಬಾಗಿಲಿಗೆ ಅಂಚೆಯವನು ಬರುವುದಿಲ್ಲ. ಕಂಪನಿಯ ಪೆಟ್ಟಿಗೆಗೆ ಬಂದು ಬಿದ್ದದ್ದನ್ನು ಆಫೀಸಿನವರು ನೆನಪಾದಾಗ ಕೊಡುತ್ತಾರೆ. ನನಗೆ ಕನ್ನಡ ಕಲಿಸಿದ ನೀವು ಮೊಬೈಲಿನಲ್ಲಿ ಬರೆದದ್ದು ಬರವಣಿಗೆಯೇ ಅಲ್ಲ ಎನ್ನುತ್ತೀರಿ, ಫೋನ್ ಮಾಡಿದರೆ ನಿಮ್ಮ ಕಿವಿಗೆ ಏನೂ ಬೀಳುವುದಿಲ್ಲ. ಹೀಗಾಗಿ ಇಡೀ ನಜ್ಮಾದಲ್ಲಿ ಅಂಚೆಚೀಟಿ ಹುಡುಕಿಕೊಂಡು ತಿರುಗುವವಳು ನಾನೊಬ್ಬಳೇ ಇರಬೇಕು.

‘ಅಲ್ಲಿಯೂ ಎಲ್ಲರನ್ನೂ ನಗಿಸುತ್ತೀಯಾ?’ ಎಂದು ಕೇಳಿದ್ದೀರಿ. ಈ ವಾರ ನಗಿಸಿದೆ. ಏನಾಯಿತು ಕೇಳಿ.

ಶಾಲೆಯ ಹದಿನಾಲ್ಕನೇ ನಂಬರಿನ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ ಕೆಲಸ ನನ್ನದು, ನಿಮಗೆ ಗೊತ್ತು. ಅಬು ಹಮೂರ್ ಬಡಾವಣೆಯ ಒಂದು ಗೇಟಿನಲ್ಲಿ ಮೋಕ್ಷಾ ಎಂಬ ಐದು ವರ್ಷದ ಹುಡುಗಿ ಹತ್ತುತ್ತಾಳೆ. ತಾಯಿ ಭವ್ಯಶ್ರೀ, ಮಂಗಳೂರಿನ ಕಡೆಯವರು. ಪೋಷಕರೊಡನೆ ಇಂಗ್ಲಿಷಿನಲ್ಲೇ ಮಾತಾಡಬೇಕೆಂದು ನಮಗೆ ನಿಯಮ. ಗುಡ್ ಮಾರ್ನಿಂಗ್ ಮ್ಯಾಮ್, ಥ್ಯಾಂಕ್ಯೂ ಮ್ಯಾಮ್, ಅಷ್ಟೇ. ನನ್ನ ಬಣ್ಣ, ನನ್ನ ಕೂದಲು ನೋಡಿ ಆಕೆ ನನ್ನನ್ನು ಆಫ್ರಿಕಾದವಳೆಂದೇ ತಿಳಿದಿದ್ದರು. ಎಲ್ಲರೂ ಹಾಗೆಯೇ ತಿಳಿಯುತ್ತಾರೆ. ನಮ್ಮ ಹಿರಿಯರನ್ನು ನೂರಾರು ವರ್ಷಗಳ ಹಿಂದೆ ಅಲ್ಲಿಂದ ಹಡಗಿನಲ್ಲಿ ತಂದರು, ನಾವು ಸಿದ್ದಿಗಳು, ಹಳಿಯಾಳ, ಯಲ್ಲಾಪುರದ ಕಡೆ ಇದ್ದೇವೆ, ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ ಎಂದು ಮೊದಲೆರಡು ವರ್ಷ ಎಲ್ಲರಿಗೂ ಬಿಡಿಸಿ ಹೇಳುತ್ತಿದ್ದೆ. ಆಮೇಲೆ ಬಾಯಿ ನೋವು ಬಂದು ಬಿಟ್ಟುಬಿಟ್ಟೆ.

ಮಂಗಳವಾರ ಬೆಳಿಗ್ಗೆ ಗೇಟಿನಲ್ಲಿ ಆಕೆ ಪಕ್ಕದ ಹೆಂಗಸಿಗೆ ಹೇಳಿದರು: “ಇವಳ ಮುಖ ನೋಡು ಮಾರಾಯ್ತಿ. ಯಾವಾಗ ನೋಡಿದ್ರೂ ಸಿಟ್ಟು. ಇವರೆಲ್ಲ ಹೀಗೇ ಅಂತೆ. ಒಂದು ದಿನ ನಮ್ಮ ಮಕ್ಕಳನ್ನು ತಿಂದೇ ಬಿಡ್ತಾಳೇನೋ!”

ಇಬ್ಬರೂ ನಕ್ಕರು. ನನಗೆ ಸಿಟ್ಟು ಇರಲಿಲ್ಲ ಅಕ್ಕೋರೆ, ನಿದ್ದೆ ಇತ್ತು. ನಾಲ್ಕಕ್ಕೆ ಎದ್ದವಳು. ಮೋಕ್ಷಾಳ ಚೀಲವನ್ನು ಹೆಗಲಿಗೆ ಹಾಕಿಕೊಂಡು ನಮ್ಮೂರ ಮಾತಿನಲ್ಲೇ ಹೇಳಿದೆ: “ತಿನ್ನೂದಿಲ್ರಿ ಅಕ್ಕಾರ. ಈಗ ನಮಗ ತಪಸ್ಸಿನ ಕಾಲ. ಈಸ್ಟರ್ ಹಬ್ಬದ ತನಕಾ ಮಾಂಸ ಮುಟ್ಟೂದಿಲ್ಲ.”

ಆಕೆಯ ಬಾಯಿ ತೆರೆದದ್ದು ಬಸ್ಸು ಹೊರಟರೂ ಮುಚ್ಚಲಿಲ್ಲ.

ಮರುದಿನ ಬಸ್ಸುಗಳ ಮೇಲ್ವಿಚಾರಕರಾದ ವಿಲ್ಫ್ರೆಡ್ ಸರ್ ಆಫೀಸಿಗೆ ಕರೆಸಿದರು. ಇಂಗ್ಲಿಷಿನಲ್ಲಿ ದೂರು ಬಂದಿತ್ತು. ಕನ್ನಡದಲ್ಲಿ ಹೇಳಿದರೆ ಹೀಗೆ: ಆಯಾ ಜಗಳಗಂಟಿ, ಪೋಷಕರ ಮಾತು ಕದ್ದು ಕೇಳಲೆಂದೇ ಅವರ ಭಾಷೆ ಕಲಿತಿದ್ದಾಳೆ, ಈಸ್ಟರ್ ಕಳೆದ ಮೇಲೆ ಮಗುವನ್ನು ತಿನ್ನುವುದಾಗಿ ಬೆದರಿಸಿದ್ದಾಳೆ. ಓದಿ ಜೋರಾಗಿ ನಕ್ಕುಬಿಟ್ಟೆ. ವಿಲ್ಫ್ರೆಡ್ ಸರ್ ಪೆನ್ನು ತೆಗೆದು ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಪಶ್ಚಾತ್ತಾಪವಿಲ್ಲ.

ಮೇ ಇಪ್ಪತ್ತೊಂಬತ್ತರೊಳಗೆ ನಾನು ಕ್ಷಮಾಪಣೆ ಬರೆದುಕೊಡಬೇಕಂತೆ. ಕೊಟ್ಟರೆ ಹೊಸ ಕರಾರು. ಕೊಡದಿದ್ದರೆ ಜುಲೈ ಕೊನೆಗೆ ಖಲಾಸ್, ಊರಿನ ವಿಮಾನ. ಆರು ವರ್ಷದಿಂದ ಇರುವ ಕೆಲಸ. ನೀವು ನಗಬೇಕೆಂದು ಇದನ್ನೆಲ್ಲ ಬರೆದೆ. ನಕ್ಕಿರಾ?

ನಿಮ್ಮ ಅಪೊಲಿನ್

*

ಹಳಿಯಾಳ
4 ಏಪ್ರಿಲ್ 2025

ಚಿ. ಅಪೊಲಿನ್‌ಗೆ ಅಕ್ಕೋರ ಆಶೀರ್ವಾದ.

ನಕ್ಕೆನೇ, ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಪಕ್ಕದ ಮನೆಯವರು ಏನಾಯಿತೆಂದು ಬಂದು ಕೇಳಿದರು. ಅವರಿಗೂ ಓದಿ ಹೇಳಿದೆ. ‘ಹಾಸ್ಟೆಲಿನಲ್ಲಿ ನನ್ನ ಕೈಕೆಳಗೆ ಬೆಳೆದ ಹುಡುಗಿ, ಕನ್ನಡ ಕಲಿಸಿದ್ದು ನಾನು’ ಎಂದು ಹೇಳಿಕೊಂಡೆ. ಎಲ್ಲ ಮಕ್ಕಳೂ ನಿನ್ನನ್ನು ‘ಪೋಲಿ’ ಎಂದು ಕರೆಯುತ್ತಿದ್ದಾಗ ‘ಅಪೊಲಿನ್’ ಎಂದು ಪೂರ್ತಿ ಹೆಸರು ಹಿಡಿದು ಕರೆದವಳು ನಾನೊಬ್ಬಳೇ, ನೆನಪಿದೆಯೇ?

ಆದರೆ ನಕ್ಕು ಮುಗಿದ ಮೇಲೆ ಚಿಂತೆಯಾಯಿತು. ನಿನಗೆ ಸಿಟ್ಟು ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ನಗಿಸುತ್ತಲೇ ಚುಚ್ಚುತ್ತೀ. ನಿಮ್ಮ ಜನರ ಮನಸ್ಸು ಮಗುವಿನದು, ನಾನು ಬಲ್ಲೆ, ಆದರೆ ಪರದೇಶದವರಿಗೆ ಅದು ಹೇಗೆ ಗೊತ್ತಾಗಬೇಕು? ಕ್ಷಮಾಪಣೆ ಬರೆದು ಬಿಸಾಕು. ನಿನಗೆ ಅದೇನು ಹೊಸದೇ? ಟ್ರಂಕು ತೆಗೆದು ನೋಡಿದೆ, ಹತ್ತನೇ ತರಗತಿಯ ಒಂದೇ ವರ್ಷದಲ್ಲಿ ನೀನು ಬರೆದ ಹನ್ನೊಂದು ಕ್ಷಮಾಪಣೆ ಪತ್ರಗಳಿವೆ. ಇಂಥ ಅಕ್ಷರ, ಇಂಥ ಕನ್ನಡ! ಊಟದ ಮನೆಯಲ್ಲಿ ತಟ್ಟೆ ಎಸೆದ ಪ್ರಕರಣದ್ದಂತೂ ಎಲ್ಲಕ್ಕಿಂತ ಚೆನ್ನ. ಮೊದಲ ಸಲ ಬರೆದದ್ದಕ್ಕೆ ನಾನು ಕೆಂಪು ಶಾಯಿಯಲ್ಲಿ ‘ಕಾರಣ ಸ್ಪಷ್ಟವಿಲ್ಲ. ಮತ್ತೊಮ್ಮೆ ಬರೆ’ ಎಂದು ಹಾಕಿದ್ದೆ. ಎರಡನೆಯದರಲ್ಲಿ ನೀನು ಬರೆದೆ: ‘ನನ್ನ ಸ್ವಭಾವವೇ ಸಿಟ್ಟಿನದಾದ್ದರಿಂದ ಈ ತಪ್ಪು ನಡೆದಿದೆ.’ ಹದಿನಾರು ವರ್ಷದ ಹುಡುಗಿ ತನ್ನನ್ನು ತಾನು ಹೀಗೆ ಅರಿತಿದ್ದಳಲ್ಲ! ನಿವೃತ್ತಳಾಗುವ ತನಕ ಪ್ರತಿ ವರ್ಷ ಅದನ್ನು ತರಗತಿಯಲ್ಲಿ ಮಾದರಿಯೆಂದು ಓದಿದೆ.

ಅದೇ ಧಾಟಿಯಲ್ಲಿ ಒಂದು ಕರಡು ಮಾಡಿ ಇದರೊಂದಿಗೆ ಇಟ್ಟಿದ್ದೇನೆ. ನೀನು ಇಂಗ್ಲಿಷಿಗೆ ಇಳಿಸಿಕೊಂಡು ಕೊಟ್ಟರೆ ಸಾಕು. ಮಗುವಿನ ತಾಯಿಗೆ ಒಂದು ನಗು ನಗು. ನಗುವಾಗ ನೀನು ಎಷ್ಟು ಚೆನ್ನಾಗಿ ಕಾಣುತ್ತೀ! ಸ್ವಾತಂತ್ರ್ಯೋತ್ಸವಕ್ಕೆ ಸೊಪ್ಪಿನ ಲಂಗ ಉಟ್ಟು ನೀನು ಕುಣಿದ ಫೋಟೊ ಇನ್ನೂ ನನ್ನ ಪಡಸಾಲೆಯ ಗೋಡೆಯ ಮೇಲಿದೆ. ಬಂದವರೆಲ್ಲ ಕೇಳುತ್ತಾರೆ.

ನಿನ್ನ ಹಿತ ಬಯಸುವ
ಪ್ರೇಮಾವತಿ

*

ನಜ್ಮಾ, ದೋಹಾ
27 ಏಪ್ರಿಲ್ 2025

ಅಕ್ಕೋರಿಗೆ ನಮಸ್ಕಾರ.

ಈಸ್ಟರ್ ಮುಗಿದು ವಾರವಾಯಿತು. ಮೋಕ್ಷಾ ಇನ್ನೂ ಇಡಿಯಾಗಿದ್ದಾಳೆ.

ಅಷ್ಟೇ ಅಲ್ಲ, ಬಸ್ಸಿನಲ್ಲಿ ನನ್ನ ಪಕ್ಕವೇ ಬೇಕು ಅವಳಿಗೆ. ಅವಳ ಕನ್ನಡ ಅಷ್ಟಕ್ಕಷ್ಟೇ ಇತ್ತು, ಶಾಲೆಯಲ್ಲಿ ಪೂರಾ ಇಂಗ್ಲಿಷ್. ನನ್ನೊಡನೆ ಮಾತಾಡಿ ಮಾತಾಡಿ ಈಗ “ಹಂಗ್ಯಾಕ್ರಿ?”, “ಒಲ್ಯಾ ನಾ” ಎಂದೆಲ್ಲ ಅನ್ನುತ್ತಾಳೆ. ಈ ಭಾಷೆ ಎಲ್ಲಿಂದ ಬಂತೆಂದು ತಾಯಿ ಯೂಟ್ಯೂಬನ್ನು ಬೈಯುತ್ತಿದ್ದಾರಂತೆ.

ನೀವು ಹೇಳಿದಂತೆ ನಗುವುದನ್ನು ಅಭ್ಯಾಸ ಮಾಡಿದೆ. ನಮ್ಮ ರೂಮಿನಲ್ಲಿ ಆರು ಜನ, ಕನ್ನಡಿ ಒಂದೇ. ಹಲ್ಲು ತೋರಿಸಿ ನಕ್ಕರೆ ಗೇಟಿನಲ್ಲಿ ಮಕ್ಕಳ ತಾಯಂದಿರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ತುಟಿ ಮುಚ್ಚಿ ನಕ್ಕರೆ ಅಣಕಿಸಿದಳು ಎನ್ನುತ್ತಾರೆ. ನಗದಿದ್ದರೆ ಸಿಟ್ಟು. ಕೀನ್ಯಾದ ವಂಜಿರು ನನ್ನ ಮೇಲಿನ ಮಂಚದವಳು, ಒಂಬತ್ತನೇ ಬಸ್ಸಿನ ಆಯಾ. ಹನ್ನೆರಡು ವರ್ಷದಿಂದ ಇಲ್ಲಿದ್ದಾಳೆ. ಅವಳು ಒಳಗಿನಿಂದ ಕೆನ್ನೆ ಕಚ್ಚಿಕೊಂಡು ನಿಲ್ಲುತ್ತಾಳಂತೆ, ಆಗ ಮುಖ ನಗುವೂ ಅಲ್ಲದೆ ಸಿಟ್ಟೂ ಅಲ್ಲದೆ ಇರುತ್ತದಂತೆ. ನನಗೂ ಕಲಿಸಿದಳು. ಮೂರು ದಿನ ಮಾಡಿದೆ, ಬಾಯಿಹುಣ್ಣು ಬಂತು.

ಶುಕ್ರವಾರ ಅವಳು ನನ್ನ ಕೂದಲು ಹೆಣೆಯುತ್ತಾಳೆ. ಮೊನ್ನೆ ಹೆಣೆಯುವಾಗ ಬೇಜಾರಿನಲ್ಲಿ ಅಂದೆ, “ನನಗೆ ಎಲ್ಲಕ್ಕಿಂತ ಚುಚ್ಚಿದ್ದು ಏನು ಗೊತ್ತಾ, ಅವರು ನನ್ನನ್ನು ಆಫ್ರಿಕಾದವಳು ಅಂದ್ಕೊಂಡದ್ದು.” ಅವಳ ಕೈ ನಿಂತಿತು. ಕೇಳಿದಳು, “ಹಾಗಾದ್ರೆ ಆ ಮಾತು ನನಗೆ ಅಂದಿದ್ರೆ ಸರಿಯಿತ್ತಾ?” ಅರ್ಧ ತಲೆ ಹೆಣೆದದ್ದನ್ನು ಹಾಗೇ ಬಿಟ್ಟು ಮೇಲೆ ಹತ್ತಿ ಮಲಗಿದಳು. ಒಂದು ಕಡೆ ಜಡೆ, ಇನ್ನೊಂದು ಕಡೆ ಪೊದೆ. ಅದರ ಮೇಲೆ ವಸ್ತ್ರ ಕಟ್ಟಿಕೊಂಡು ಈ ಬೆಳಿಗ್ಗೆ ಬಸ್ಸು ಹತ್ತಿದೆ. ಅವಳು ಇನ್ನೂ ಮಾತಾಡಿಲ್ಲ.

ಅದೇ ಶುಕ್ರವಾರ ಅಬು ಹಮೂರಿನ ಇಗರ್ಜಿಗೆ ಕೊಂಕಣಿ ಪೂಜೆಗೆ ಹೋದರೆ ಬಾಗಿಲಲ್ಲಿ ನಿಂತವರು, “ಸಿಸ್ಟರ್, ಇಂಗ್ಲಿಷ್ ಪೂಜೆ ಆಚೆ ಹಾಲಲ್ಲಿ” ಎಂದರು. ಮೊದಲಾದರೆ ಕೊಂಕಣಿಯಲ್ಲೇ ಏನಾದರೂ ತಮಾಷೆ ಮಾಡಿ ಒಳಗೆ ಹೋಗುತ್ತಿದ್ದೆ. ಈ ಸಲ ಸುಮ್ಮನೆ ಆಚೆ ಹಾಲಿಗೆ ಹೋಗಿ ಕೂತೆ.

ಕರಡು ತಲುಪಿದೆ. ಬಹುಶಃ ಅದನ್ನೇ ಬರೆದುಕೊಡುತ್ತೇನೆ. ಸಾಕಾಗಿದೆ ಅಕ್ಕೋರೆ.

ಅಪೊಲಿನ್

*

ಹಳಿಯಾಳ
16 ಮೇ 2025

ಚಿ. ಅಪೊಲಿನ್‌ಗೆ ಆಶೀರ್ವಾದ.

ಬರೆದುಕೊಡುತ್ತೇನೆ ಎಂದಿದ್ದೀಯಲ್ಲ, ಮನಸ್ಸಿಗೆ ಹಗುರವಾಯಿತು. ನೋಡು, ಎಷ್ಟು ಸುಲಭದ ಕೆಲಸ! ನಿನ್ನ ಜಡೆಯ ಕಥೆಗೂ ಬಹಳ ನಕ್ಕೆ. ಆ ಗೆಳತಿಗೆ ನಿನ್ನ ಮಾತು ಸರಿಯಾಗಿ ತಿಳಿದಿರಲಿಕ್ಕಿಲ್ಲ, ಸಮಾಧಾನ ಮಾಡು.

ಈಗ ಸಂತೋಷದ ಸುದ್ದಿ. ಈ ಆಗಸ್ಟಿಗೆ ನಮ್ಮ ಶಾಲೆಗೆ ಐವತ್ತು ತುಂಬುತ್ತದೆ. ಆಗಸ್ಟ್ ಹದಿನೈದಕ್ಕೇ ಕಾರ್ಯಕ್ರಮ. ನೃತ್ಯದ ಜವಾಬ್ದಾರಿ ನನಗೇ ಕೊಟ್ಟಿದ್ದಾರೆ. ನಿನ್ನ ತಂಗಿಯ ಮಗಳು ಜೆಸಿಂತಾ ಅದೇ ಹಾಸ್ಟೆಲಿನಲ್ಲಿ ಇದ್ದಾಳಲ್ಲ, ಈಗ ಒಂಬತ್ತನೇ ತರಗತಿ. ನೀನು ಮಾಡಿದ ಆ ಕಾಡಿನ ನೃತ್ಯವನ್ನು ಅವಳಿಂದ ಮಾಡಿಸಬೇಕೆಂದು ನನ್ನ ಆಸೆ. ಅದೇ ಸೊಪ್ಪಿನ ಲಂಗ, ಮುಖಕ್ಕೆ ಅದೇ ಸುಣ್ಣದ ಬೊಟ್ಟು. ಹುಡುಗಿ ಒಲ್ಲೆ ಅನ್ನುತ್ತಾಳೆ, ಥೇಟ್ ನಿನ್ನ ಹಾಗೆಯೇ ಮುಖ ಗಂಟು ಹಾಕುತ್ತಾಳೆ. ಮಾರ್ಚಿನಲ್ಲಿ ವಾರ್ಡನ್ನಿಗೆ ಎದುರು ಮಾತಾಡಿದ್ದಳಂತೆ. ಹೊಸ ವಾರ್ಡನ್ನಿಗೆ ಇವೆಲ್ಲ ಬರುವುದಿಲ್ಲ. ನಾನೇ ಹೋಗಿ ಕೂರಿಸಿಕೊಂಡು ಕ್ಷಮಾಪಣೆ ಬರೆಸಿದೆ. ಕಾರಣ ಸ್ಪಷ್ಟವಿರಲಿಲ್ಲ, ಎರಡನೇ ಸಲ ಬರೆಸಬೇಕಾಯಿತು.

ನೀನು ಅವಳಿಗೆ ಒಂದು ಮಾತು ಬರೆ. ದೊಡ್ಡಮ್ಮನ ಮಾತು ಕೇಳುತ್ತಾಳೆ.

ಪ್ರೇಮಾವತಿ

*

ನಜ್ಮಾ, ದೋಹಾ
5 ಜೂನ್ 2025

ಪ್ರೇಮಾವತಿ ಅಕ್ಕೋರಿಗೆ,

ನಾನು ಕ್ಷಮಾಪಣೆ ಬರೆದುಕೊಟ್ಟಿಲ್ಲ.

ಮೇ ಮೊದಲ ವಾರವೇ ನನ್ನನ್ನು ಬಸ್ಸಿನಿಂದ ತೆಗೆದು ಶಾಲೆಯ ಪ್ಯಾಂಟ್ರಿಯಲ್ಲಿ ಕಪ್ಪು ತೊಳೆಯಲು ಹಾಕಿದ್ದರು. ನಿಮಗೆ ಬರೆಯಬೇಕೆನಿಸಲಿಲ್ಲ. ಇಪ್ಪತ್ತೊಂಬತ್ತನೇ ತಾರೀಕು ವಿಲ್ಫ್ರೆಡ್ ಸರ್ ಕರೆಸಿದರು. ನಿಮ್ಮ ಕರಡನ್ನು ಇಂಗ್ಲಿಷಿನಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡೇ ಹೋದೆ. ಕೊಡುವವಳೇ ಇದ್ದೆ, ಸುಳ್ಳು ಹೇಳುವುದಿಲ್ಲ. ಭವ್ಯಶ್ರೀ ಮಗಳನ್ನು ಕರೆದುಕೊಂಡು ಬಂದಿದ್ದರು. ಮೋಕ್ಷಾ ನನ್ನನ್ನು ಕಂಡದ್ದೇ ಓಡಿ ಬಂದು ಕಾಲು ತಬ್ಬಿಕೊಂಡಳು. “ಆಂಟಿ, ಎಲ್ಲಿಗ್ ಹೋಗಿದ್ರಿ? ನಂಗ ಭಾಳ ಬ್ಯಾಸರಾ ಆತ್ರಿ!”

ತಾಯಿಗೆ ಆಗ ಗೊತ್ತಾಯಿತು. “ಅಂದ್ರೆ... ಇವಳಿಗೆ ಕನ್ನಡ ಕಲಿಸಿದ್ದು ನೀವಾ? ನೀವು ಎಲ್ಲಿಯವರು?”

“ಹಳಿಯಾಳದಾಕಿರಿ.”

“ಅಯ್ಯೋ ದೇವ್ರೇ! ನಮ್ಮ ಕರ್ನಾಟಕದವರೇ ಅಲ್ವಾ! ಎಂಥ ಮಾರಾಯ್ತಿ, ಮೊದಲೇ ಹೇಳ್ಬಾರ್ದಾ? ನಮ್ಮವರು ಅಂತ ಗೊತ್ತಿದ್ರೆ ನಾನು ಹಾಗೆ ಹೇಳ್ತಾನೇ ಇರ್ಲಿಲ್ಲ.” ಆಕೆ ನಿಜವಾಗಿ ಖುಷಿಯಾಗಿದ್ದರು. ನನ್ನ ಕೈ ಹಿಡಿದುಕೊಂಡರು.

ವಿಲ್ಫ್ರೆಡ್ ಸರ್ ಅವರಿಗೂ ನಿರಾಳ. “ನೋಡಿ, ಮುಗೀತಲ್ಲ. ನಗಾಡಿ ಒಂದು ಸೈನ್ ಹಾಕಿ ಅಪೊಲಿನ್. ಖಲಾಸ್.”

ನಗಬಹುದಿತ್ತು ಅಕ್ಕೋರೆ. ನನ್ನ ಬಾಯಿ ನಗಲು ಹೊರಟೂ ಇತ್ತು, ಅಷ್ಟು ರೂಢಿಯಾಗಿದೆ ಅದಕ್ಕೆ. ಅಷ್ಟರಲ್ಲಿ ವಂಜಿರು ನನ್ನ ತಲೆ ಅರ್ಧಕ್ಕೆ ಬಿಟ್ಟು ಮೇಲೆ ಹತ್ತಿದ್ದು ನೆನಪಾಯಿತು. “ನಿಮ್ಮವರಲ್ಲದಿದ್ರ ಅನ್ನಬಹುದಿತ್ತೇನ್ರಿ?” ಎಂದು ಕೇಳಿದೆ. ಜೋರಾಗಿ ಅಲ್ಲ, ಆಣೆ ಮಾಡಿ ಹೇಳುತ್ತೇನೆ. ಭವ್ಯಶ್ರೀಯ ಕಣ್ಣಲ್ಲಿ ನೀರು ಬಂತು. ತಾಯಿ ಅಳುವುದನ್ನು ಕಂಡು ಮೋಕ್ಷಾಳೂ ಅತ್ತಳು. ಈಗ ನನ್ನ ಫೈಲಿನಲ್ಲಿ ಪೋಷಕರನ್ನು ಅಳಿಸಿದಳು ಎಂದೂ ಇದೆ. ಜುಲೈ ಕೊನೆಗೆ ನನ್ನ ಕೆಲಸ ಮುಗಿಯುತ್ತದೆ.

ಗೆದ್ದೆ ಎಂದೇನೂ ಅನ್ನಿಸಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನಿದ್ದೆ ಹೋಗಿ ನಜ್ಮಾ ದಾಟಿ ಹಳೇ ಪೇಟೆ ಸೂಕ್ ವಾಕಿಫ್ ತನಕ ಹೋಗಿಬಿಟ್ಟೆ. ಅಲ್ಲಿಂದ ಬಿಸಿಲಿನಲ್ಲಿ ನಡೆದುಕೊಂಡು ಬಂದೆ. ವಂಜಿರುಗೆ ನಡೆದದ್ದನ್ನು ಹೇಳಿದೆ. “ಹುಚ್ಚಿ” ಎಂದಳು. ಆಮೇಲೆ ಬಾಚಣಿಗೆ ತೆಗೆದುಕೊಂಡು ಕೆಳಗಿಳಿದು ಬಂದು ಕೂತಳು.

ಮರುದಿನ ನಿಮ್ಮ ಕಾಗದ ಬಂತು. ಜೆಸಿಂತಾಳಿಗೆ ಒಂದು ಮಾತು ಬರೆ ಎಂದಿದ್ದೀರಿ. ಬರೆದಿದ್ದೇನೆ. ಕುಣಿಯಬೇಡ ಎಂದು ಬರೆದಿದ್ದೇನೆ.

ಸೊಪ್ಪಿನ ಲಂಗ ನಮ್ಮದಲ್ಲ ಅಕ್ಕೋರೆ. ನಮ್ಮ ಅವ್ವ, ನಮ್ಮ ಅಜ್ಜಿ ಫುಗಡಿ ಕುಣಿಯುವಾಗ ಸೀರೆ ಉಡುತ್ತಿದ್ದರು, ಕುಪ್ಪಸ ತೊಡುತ್ತಿದ್ದರು. ಆ ಲಂಗ ನಿಮ್ಮ ತಲೆಯಲ್ಲಿ ಹುಟ್ಟಿದ್ದು. ಅಂದು ಅವ್ವ ಹನ್ನೆರಡು ಮೈಲಿ ನಡೆದು ನನ್ನನ್ನು ನೋಡಲು ಬಂದಿದ್ದಳು. ಜನ ಶಿಳ್ಳೆ ಹೊಡೆದು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಅದೇ ನಿಮ್ಮ ಫೋಟೊದಲ್ಲಿರುವುದು. ಅವ್ವ ನೃತ್ಯ ಮುಗಿಯುವ ತನಕ ನಿಲ್ಲದೆ ಊರಿಗೆ ಹೊರಟುಹೋದಳು.

ಇನ್ನು ಆ ತಟ್ಟೆ. ಅದನ್ನು ಎಸೆದದ್ದು ನಾನಲ್ಲ. ನನ್ನನ್ನು ‘ಸುಟ್ಟ ರೊಟ್ಟಿ’ ಎಂದು ಕರೆದವಳೇ ಎಸೆದಳು. ನೀವು ಬಾಗಿಲಲ್ಲಿ ನಿಂತಿದ್ದಿರಿ, ನೋಡಿದಿರಿ. ಮೊದಲ ಪತ್ರದಲ್ಲಿ ನಡೆದದ್ದನ್ನು ನಡೆದ ಹಾಗೇ ಬರೆದಿದ್ದೆ. ಅದಕ್ಕೆ ನೀವು ಕೆಂಪು ಶಾಯಿಯಲ್ಲಿ ‘ಕಾರಣ ಸ್ಪಷ್ಟವಿಲ್ಲ’ ಎಂದು ಹಾಕಿದಿರಿ. ಸರಿಯಾಗಿ ಬರೆಯುವ ತನಕ ಊಟದ ಮನೆಯ ಹೊರಗೆ ನಿಲ್ಲಿಸಿದಿರಿ. ಎರಡು ಹೊತ್ತು ನಿಂತೆ. ಮೂರನೇ ಹೊತ್ತಿಗೆ ‘ನನ್ನ ಸ್ವಭಾವವೇ ಸಿಟ್ಟಿನದು’ ಎಂದು ಬರೆದೆ. ‘ಉತ್ತಮ’ ಎಂದು ಹಾಕಿ ಒಳಗೆ ಬಿಟ್ಟಿರಿ. ನನ್ನನ್ನು ನಾನು ಅರಿತು ಬರೆದದ್ದಲ್ಲ ಅದು. ಅನ್ನಕ್ಕಾಗಿ ಬರೆದದ್ದು.

ನಿಮ್ಮಿಂದಲೇ ಕನ್ನಡ ಕಲಿತೆ, ಅದು ನಿಜ. ಆ ಋಣದಿಂದಲೇ ಇಪ್ಪತ್ತೆರಡು ವರ್ಷ ಇದನ್ನು ಬರೆಯಲಿಲ್ಲ. ನಿಮ್ಮನ್ನು ನಗಿಸುತ್ತಲೇ ಬಂದೆ. ಈಗ ಸಿಟ್ಟು ಬಂದಿದೆ. ಯಾವಾಗ ನೋಡಿದರೂ ಸಿಟ್ಟು ಎನ್ನುತ್ತಾರಲ್ಲ, ನಿಜವಾಗಿ ಬಂದದ್ದು ಇದೇ ಮೊದಲು.

ಅಪೊಲಿನ್ ಸಿದ್ದಿ

*

22 ಜೂನ್ 2025

ಇಂದ:
ಪ್ರೇಮಾವತಿ, ನಿವೃತ್ತ ಕನ್ನಡ ಶಿಕ್ಷಕಿ, ಹಳಿಯಾಳ

ಇವರಿಗೆ:
ಕುಮಾರಿ ಅಪೊಲಿನ್ ಸಿದ್ದಿ, ದೋಹಾ, ಕತಾರ್

ವಿಷಯ: ಕ್ಷಮೆ ಕೋರಿ

ಮಾನ್ಯರೇ,

ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ತಿಳಿಸುವುದೇನೆಂದರೆ, ನಾನು ವಾರ್ಡನ್ ಆಗಿದ್ದ ಅವಧಿಯಲ್ಲಿ ಕೆಲವೊಂದು ಘಟನೆಗಳು ನಡೆದಿದ್ದು, ಅವುಗಳಿಂದ ತಮ್ಮ ಮನಸ್ಸಿಗೆ ನೋವಾಗಿದ್ದಲ್ಲಿ ವಿಷಾದಿಸುತ್ತೇನೆ. ಅರವತ್ತು ಮಕ್ಕಳನ್ನು ಒಬ್ಬಳೇ ನೋಡಿಕೊಳ್ಳಬೇಕಾಗಿದ್ದ ಸಂದರ್ಭವನ್ನು ತಾವು ಗಮನಿಸಬೇಕು. ಎಲ್ಲವನ್ನೂ ತಮ್ಮ ಒಳಿತಿಗಾಗಿಯೇ ಮಾಡಿರುತ್ತೇನೆ. ನೃತ್ಯದ ವಿಚಾರವನ್ನು ಮುಖ್ಯೋಪಾಧ್ಯಾಯರ ತೀರ್ಮಾನಕ್ಕೆ ಬಿಟ್ಟಿರುತ್ತೇನೆ. ಆದಕಾರಣ ದಯಮಾಡಿ ಕ್ಷಮಿಸಬೇಕಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ,
ಪ್ರೇಮಾವತಿ

ಅಪೊಲಿನ್, ನಾಲ್ಕು ಸಲ ಬರೆದು ಹರಿದೆ. ಬೇರೆ ಹೇಗೆ ಬರೆಯಬೇಕೋ ತಿಳಿಯಲಿಲ್ಲ, ಇದೊಂದೇ ರೀತಿ ಗೊತ್ತು. ಫೋಟೊ ಗೋಡೆಯಿಂದ ಇಳಿಸಿದ್ದೇನೆ. ಅಲ್ಲೊಂದು ಬಿಳಿ ಚೌಕ ಉಳಿದಿದೆ, ಬಂದವರು ಈಗ ಅದನ್ನು ಕೇಳುತ್ತಾರೆ. ನಿಮ್ಮ ಅವ್ವ ಬಂದಿದ್ದಳೆಂದು ನನಗೆ ಗೊತ್ತಿರಲಿಲ್ಲ ಮಗಳೇ.

*

ನಜ್ಮಾ, ದೋಹಾ
8 ಜುಲೈ 2025

ಅಕ್ಕೋರಿಗೆ,

ನಿಮ್ಮ ಕಾಗದವನ್ನು ಪ್ಯಾಂಟ್ರಿಯಲ್ಲಿ ಕೂತು ಓದಿದೆ. ಕೆಳಗಿನ ನಾಲ್ಕು ಸಾಲನ್ನು ಹರಿದು ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ. ಮೇಲಿನ ಕ್ಷಮಾಪಣೆಯನ್ನು ಇದರೊಂದಿಗೆ ವಾಪಸು ಕಳಿಸುತ್ತಿದ್ದೇನೆ. ಕೆಂಪು ಪೆನ್ನನ್ನು ವಂಜಿರುವಿನಿಂದ ಇಸಿದುಕೊಂಡೆ. ‘ಕೆಲವೊಂದು ಘಟನೆಗಳು’ ಎಂಬುದಕ್ಕೆ ಅಡಿಗೆರೆ ಎಳೆದಿದ್ದೇನೆ. ‘ನೋವಾಗಿದ್ದಲ್ಲಿ’ ಎಂಬುದಕ್ಕೆ ಎರಡು ಗೆರೆ. ಅಂಚಿನಲ್ಲಿ ನೀವು ಬರೆಯುತ್ತಿದ್ದಲ್ಲೇ ಬರೆದಿದ್ದೇನೆ:

ಕಾರಣ ಸ್ಪಷ್ಟವಿಲ್ಲ. ಮತ್ತೊಮ್ಮೆ ಬರೆಯಿರಿ.

ಆಗಸ್ಟ್ ಮೂರಕ್ಕೆ ಹಳಿಯಾಳಕ್ಕೆ ಬರುತ್ತೇನೆ. ಮೊದಲು ಹಾಸ್ಟೆಲಿಗೆ ಹೋಗಿ ಜೆಸಿಂತಾಳನ್ನು ನೋಡುತ್ತೇನೆ, ಅವಳು ಬರೆದ ಎರಡೂ ಪತ್ರ ಕೇಳಿ ಓದುತ್ತೇನೆ. ಆಮೇಲೆ ನಿಮ್ಮ ಮನೆಗೆ. ನಿಮಗೆ ಕಿವಿ ಕೇಳುವುದಿಲ್ಲ, ಆದ್ದರಿಂದ ಬರೆದೇ ಇಡಿ. ಬಾಗಿಲಲ್ಲಿ ನಿಂತು ಓದುತ್ತೇನೆ.

ಅವಸರವಿಲ್ಲ. ಊಟ ಮಾಡಿಕೊಂಡು ಬರೆಯಿರಿ.

ಅಪೊಲಿನ್